ಸೊನ್ನೆಯ ನೂಲು

ಅಗ್ಬೋಜುಮೆ ಊರಿನ ನೇಕಾರರ ಚಪ್ಪರದಲ್ಲಿ ಸೆನ್ಯೋನ ಅಪ್ಪನ ಮಗ್ಗ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಅಪ್ಪ ಸತ್ತ ಮೇಲೆ ಅದರಲ್ಲಿ ನೇಯ್ದದ್ದು ಜೇಡ ಮಾತ್ರ. ಚಪ್ಪರದ ಯಜಮಾನ ಅಗ್ಬೆಕೊ ತಾತ ಕೊನೆಯ ಮಾತು ಹೇಳಿಬಿಟ್ಟಿದ್ದ: "ನೂಲು ತಂದವನಿಗೆ ಮಗ್ಗ. ತಿಂಗಳ ಕೊನೇ ಸಂತೆಯೊಳಗೆ ತರದಿದ್ರೆ ಬೇರೆಯವನನ್ನ ಕೂರಿಸ್ತೀನಿ. ರದ್ದಿ ಹೊರೋನಿಗೆ ಲಾಳಿ ಯಾಕೋ?"

ಸೆನ್ಯೋನ ಮೈಯೆಲ್ಲ ಉರಿದುಹೋಯಿತು. ಏಳನೇ ತರಗತಿಗೇ ಶಾಲೆ ಬಿಟ್ಟು ರದ್ದಿ ಹೊತ್ತು ಬದುಕುವವನು ನೂಲು ಎಲ್ಲಿಂದ ತರಬೇಕು? ಅವನ ಬಳಿ ಇದ್ದದ್ದು ಶಾಲೆಯವರು ಎಸೆದ ಹಳೆಯ ಉತ್ತರಪತ್ರಿಕೆಗಳ ಏಳು ಮೂಟೆ. ತೆರೆದಲ್ಲೆಲ್ಲ ಕೆಂಪು ಶಾಯಿಯ ಸೊನ್ನೆ.

"ಕಾಗದ ಅಂದ್ರೆ ಮರದ ನಾರು ಕಣೋ," ಅಂದಳು ನೆರೆಮನೆಯ ಜಿಫಾ ಅಕ್ಕ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಹದಿನೈದು ವರ್ಷ ಸೀಸೆ ತೊಳೆದವಳು. ಮೇಷ್ಟ್ರುಗಳು ಮರೆತದ್ದೂ ಅವಳಿಗೆ ನೆನಪಿತ್ತು. "ಹತ್ತೀಲಿರೋದೂ ಅಂಥದೇ ನಾರು. ಕರಗಿಸೋಕೆ ಗೊತ್ತಿದ್ರೆ ನೂಲಾಗ್ತದೆ."

"ಕರಗಿದ್ರೆ ಗಂಜಿ ಆಗ್ತದೆ ಅಕ್ಕ, ನೂಲಲ್ಲ."

"ಬಾಯಿ ಮುಚ್ಚು. ಮೂಗೂ ಮುಚ್ಚು, ಸೀಸೆ ತೆಗೀತೀನಿ."

ಕಾಗದವನ್ನು ಆಗಲೇ ಬೂದಿನೀರಲ್ಲಿ ಬೇಯಿಸಿ, ಕುಟ್ಟಿ, ಮಸಿ ಬಿಡುವ ತನಕ ತೊಳೆದಾಗಿತ್ತು. ಮೈಲುತುತ್ತದಿಂದ ಮಾಡಿದ ಗಸಿಯ ಮೇಲೆ ಜಿಫಾ ಅಮೋನಿಯ ಸುರಿದಳು. ಇಬ್ಬರ ಕಣ್ಣಲ್ಲೂ ನೀರು. ತಿಳಿನೀಲಿ ಕಡುನೀಲಿಯಾಯಿತು, ಸಮುದ್ರದ ಆಳವನ್ನೇ ಸೀಸೆಗೆ ಇಳಿಸಿದ ಹಾಗೆ. ಅದಕ್ಕೆ ಹಾಕಿದ ಕಾಗದದ ಹಿಟ್ಟು ಮಾಯ. ಮೇಲೂ ಇಲ್ಲ, ತಳದಲ್ಲೂ ಇಲ್ಲ. ಆಮೇಲೆ ಅವಳು ಆ ನೀಲಿಯನ್ನು ಸಿರಿಂಜಿಗೆ ತುಂಬಿ, ತೆಳು ಆಸಿಡ್ಡಿನ ಬೋಗುಣಿಯೊಳಗೆ ಸೂಜಿ ಅದ್ದಿ ಮೆಲ್ಲಗೆ ಒತ್ತಿದಳು.

ನೀಲಿ ಎಳೆಯೊಂದು ಹೊರಬಂತು. ನೋಡನೋಡುತ್ತಲೇ ಬೆಳ್ಳಗಾಯಿತು. ಸೆನ್ಯೋ ಅದನ್ನು ಕಡ್ಡಿಯಿಂದ ಎತ್ತಿದ. ಬಂತು, ಬಂತು, ಬರುತ್ತಲೇ ಇತ್ತು. ಅವನು ಉಸಿರೂ ಬಿಡದೆ ಕಡ್ಡಿಗೆ ಸುತ್ತುತ್ತಲೇ ಹೋದ.

"ಉಸಿರಾಡೋ," ಅಂದಳು ಅಕ್ಕ.

ಇಪ್ಪತ್ತು ದಿನಕ್ಕೆ ಒಂದು ಸಣ್ಣ ಉಂಡೆಯಾಯಿತು. ಸಂತೆಯ ಬೆಳಿಗ್ಗೆ ಸೆನ್ಯೋ ಅದನ್ನು ತಾತನ ಮುಂದಿಟ್ಟು ಕಾಗದದ ನೂಲೆಂದಾಗ ಚಪ್ಪರಕ್ಕೆ ಚಪ್ಪರವೇ ನಕ್ಕಿತು. "ಇದನ್ನ ಉಟ್ಟವಳು ಮಳೇಲಿ ಸಿಕ್ಕಿಕೊಂಡ್ರೆ ಬೆತ್ತಲೆ ಮನೆಗೆ ಹೋಗ್ಬೇಕಾ?" ಅಂದ ಒಬ್ಬ.

ತಾತ ಸೋರೆಬುರುಡೆಯ ನೀರಿಗೆ ಒಂದು ಎಳೆ ಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಎಳೆ ಕರಗಲಿಲ್ಲ. ನಗು ನಿಂತಿತು. ತಾತ ಒದ್ದೆ ಎಳೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದ. ಟಪ್ಪನೆ ತುಂಡಾಯಿತು.

ಸೆನ್ಯೋನ ನೆತ್ತಿಗೆ ಬೆಂಕಿ ಹತ್ತಿತು. "ಕೊಡಿ, ಮಗ್ಗಾನ ಬೇರೆಯವನಿಗೇ ಕೊಡಿ! ಇಲ್ಲಾ ಸೌದೆ ಮಾಡಿ ಮೀನು ಸುಟ್ಕೊಳ್ಳಿ!"

"ಕೂಗ್ಬೇಡ ಕತ್ತೆ. ಉದ್ದಕ್ಕೆ ಬಿಗಿಯೋ ಹಾಸಾಗೋಕೆ ಇದಕ್ಕೆ ಬಲ ಸಾಲದು, ದಿಟ. ಅಡ್ಡಕ್ಕೆ ಓಡೋ ಹೊಕ್ಕಾಗೋಕೆ ಏನು ಬಂತು?"

ತಾತ ನೂಲನ್ನು ಲಾಳಿಗೆ ತುಂಬಿ ತನ್ನ ಮಗ್ಗದ ಕಪ್ಪು ಹಾಸಿನ ನಡುವೆ ಓಡಿಸಿದ. ಒಂದು ಬಡಿತ, ಇನ್ನೊಂದು. ಕಪ್ಪಿನ ನಡುವೆ ಬಿಳಿ ಪಟ್ಟಿ ಮೂಡಿತು. ಬಿಸಿಲು ಬಿದ್ದು ರೇಷ್ಮೆಯಂತೆ ಮಿಂಚಿತು. ಅರವತ್ತು ವರ್ಷ ನೇಯ್ದ ಬೆರಳು ಅದರ ಮೇಲೆ ಹರಿದಾಡಿ, ನಿಂತು, ಮತ್ತೆ ಹರಿದಾಡಿತು.

"ಯಾವ ಕಾಗದವೋ ಇದು?"

"ಪರೀಕ್ಷೆದು ತಾತ. ಮೇಷ್ಟ್ರು ಹಾಕಿದ ಸೊನ್ನೆ."

ತಾತ ಹೆಗಲ ಬಟ್ಟೆ ತೆಗೆದು ಪಕ್ಕದಲ್ಲಿದ್ದ ಸೆನ್ಯೋನ ಅಪ್ಪನ ಮಗ್ಗದ ಜೇಡರಬಲೆ ಒರೆಸಿದ.

"ಈ ಊರಲ್ಲಿ ಸೊನ್ನೆಗೇನು ಬರ? ಕೂತ್ಕೋ."