ನೀರಿನಡಿಯ ಕೊಂಡಿ

ಬಹಳ ಹಿಂದೆ, ನೀರು ಮತ್ತು ನೆಲ ಇನ್ನೂ ಅಣ್ಣತಮ್ಮಂದಿರ ಹಾಗೆ ಜಗಳವಾಡಿ ಪಾಲು ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಒಂದು ಸರೋವರಕ್ಕೆ ವರ ಸಿಕ್ಕಿತಂತೆ. "ನೀನು ಯಾರ ಹತ್ತಿರವೂ ಏನನ್ನೂ ಬೇಡಬೇಡ. ಕೈಜಾರಿ ಬಿದ್ದದ್ದೆಲ್ಲ ನಿನ್ನದು." ಅಂದಿನಿಂದ ಆ ಸರೋವರ ಸುಮ್ಮನೆ ಮಲಗಿದೆ. ದೋಣಿಯ ಹುಟ್ಟು ಬಿದ್ದರೆ ಹುಟ್ಟು, ಹಗ್ಗ ಬಿದ್ದರೆ ಹಗ್ಗ, ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಳ್ಳುತ್ತದೆ. ಕಬ್ಬಿಣ ಸಿಕ್ಕರೆ ಮಾತ್ರ, ಮಕ್ಕಳು ಮಿಠಾಯಿ ಚೀಪುವ ಹಾಗೆ, ಯಾರಿಗೂ ಕಾಣದಂತೆ ಚೀಪುತ್ತದೆ.

ಆ ಸರೋವರದ ದಡದಲ್ಲಿ ದೋಣಿಮಾವ ಮತ್ತು ದೋಣಿಅತ್ತೆ ಇದ್ದರು. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಮಾವ ನಲವತ್ತು ವರ್ಷದಿಂದ ಈ ದಡದ ಜನರನ್ನು ಆ ದಡಕ್ಕೆ ದಾಟಿಸುತ್ತಿದ್ದರು. ಅತ್ತೆಗೆ ಕೀಲುನೋವು. ಹಾಸಿಗೆಯಲ್ಲಿ ಬಾರದ ನಿದ್ದೆ ಅವರಿಗೆ ದೋಣಿಯಲ್ಲಿ ಬರುತ್ತಿತ್ತು.

ಅದಕ್ಕೇ ದಿನವೂ ಮಧ್ಯಾಹ್ನ ಮಾವ ದೊಡ್ಡ ದೋಣಿಯಲ್ಲಿ ದಿಂಬು ಹಾಕಿ ಅತ್ತೆಯನ್ನು ಮಲಗಿಸಿ, ನೀರಿನ ನಡುವೆ ತೇಲುವ ನೀಲಿ ಡ್ರಮ್ಮಿಗೆ ದೋಣಿ ಕಟ್ಟಿ, ತಾವು ಪುಟ್ಟ ದೋಣಿಯಲ್ಲಿ ದಡಕ್ಕೆ ಮರಳುತ್ತಿದ್ದರು. ಡ್ರಮ್ಮಿನಿಂದ ಒಂದು ಸರಪಳಿ ಕೆಳಗಿಳಿದು, ತಳದಲ್ಲಿದ್ದ ಭಾರಿ ಕಲ್ಲಿಗೆ ಸೇರಿತ್ತು. ದೊಡ್ಡ ದೋಣಿಯ ಹುಟ್ಟುಗಳು ನೀರಿಗೆ ಜಾರಿ ಕಳೆದುಹೋದಾವೆಂದು ಮಾವ ಅವನ್ನೂ ಜೊತೆಗೇ ತಂದುಬಿಡುತ್ತಿದ್ದರು. ಅಲೆ ತೂಗುತ್ತಿತ್ತು. ಅತ್ತೆ ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದರು.

ಒಂದು ದಿನ ಪಕ್ಕದ ಮನೆಯ ಮೀನಣ್ಣನ ದೋಣಿಯ ಸರಪಳಿ ತುಂಡಾಯಿತು. ದೋಣಿ ಗಾಳಿಗೆ ತೇಲಿ ಆಚೆ ದಡದ ಜೊಂಡಿನಲ್ಲಿ ಸಿಕ್ಕಿತು. ಹುಟ್ಟು, ಬಲೆ, ಲೈಫ್ ಜಾಕೆಟ್ಟು ಒಂದೂ ಸಿಗಲಿಲ್ಲ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ತುಂಡಾದ ಸರಪಳಿ ವೆಲ್ಡಿಂಗ್ ಅಂಗಡಿಗೆ ಬಂತು. ಅಂಗಡಿ ನಡೆಸುತ್ತಿದ್ದವಳು ಮಾವನ ತಂಗಿಯ ಮಗಳು. ಹಗಲೆಲ್ಲ ಕಿಡಿ ಹಾರಿಸುವವಳೆಂದು ಅವಳಿಗೆ ಕಿಡಿ ಎಂದೇ ಹೆಸರು. ಸರಪಳಿಯನ್ನು ನೋಡಿದವಳು ಕೈಯ ಮಸಿಯನ್ನೂ ತೊಳೆಯದೆ ಮಾವನ ಮನೆಗೆ ಬಂದಳು.

"ಮಾವ, ನಿಮ್ಮ ಸರಪಳಿ ಎತ್ತಿ ನೋಡಿ ಎಷ್ಟು ವರ್ಷ ಆಯ್ತು?"

"ದಿನಾ ನೋಡ್ತೀನಲ್ಲ. ವರ್ಷಕ್ಕೊಂದು ಸಲ ಬಣ್ಣಾನೂ ಹಚ್ತೀನಿ. ನಿನ್ನ ಮದುವೇಲಿ ನಿನಗೂ ಅಷ್ಟು ಅಲಂಕಾರ ಆಗಿರಲಿಲ್ಲ."

"ನೀವು ಬಣ್ಣ ಹಚ್ಚೋದು ಡ್ರಮ್ಮಿಂದ ಒಂದು ಮೊಳ. ಅದರ ಕೆಳಗಿಂದು?"

"ಕೆಳಗಿರೋದು ಸಿಹಿನೀರು ಕಣೇ. ಸಮುದ್ರ ಅಲ್ಲ, ಉಪ್ಪಿಲ್ಲ. ನಾವು ಕುಡಿಯೋ ನೀರು ಕಬ್ಬಿಣ ತಿನ್ನುತ್ತಾ?"

"ನಿಮ್ಮ ನಲ್ಲಿ ಕೆಳಗಿದ್ದ ಕಬ್ಬಿಣದ ಬಕೆಟ್ ತಳ ತೂತಾಯ್ತಲ್ಲ. ಅದಕ್ಕೆ ಯಾರು ಉಪ್ಪು ಹಾಕಿದ್ರು?"

ಒಳಗೆ ಬಟ್ಟೆ ಮಡಚುತ್ತಿದ್ದ ಅತ್ತೆ ಸಣ್ಣಗೆ ನಕ್ಕರು.

ಕಿಡಿ ಹೊಸ್ತಿಲ ಮೇಲೆ ಕೂತು ನಿಧಾನವಾಗಿ ಹೇಳಿದಳು. "ಸಿಹಿನೀರಲ್ಲಿ ತುಕ್ಕು ನಿಧಾನ, ಅಷ್ಟೇ. ಬರಲ್ಲ ಅಂತ ಅಲ್ಲ. ಸರಪಳಿ ತಳದ ಮೇಲೆ ಮಲಗಿ, ಅಲ್ಲಿಂದ ಮೇಲಕ್ಕೆ ಏಳುತ್ತಲ್ಲ, ಆ ಜಾಗ ನೋಡಬೇಕು ಮಾವ. ಒಂದೊಂದು ಅಲೆಗೂ ಅಲ್ಲಿ ಕೊಂಡಿಗೆ ಕೊಂಡಿ ಉಜ್ಜುತ್ತೆ. ತುಕ್ಕಿನ ಹೊಪ್ಪಳೆ ಉದುರುತ್ತೆ, ಒಳಗಿನ ಹೊಸ ಕಬ್ಬಿಣ ಕಾಣುತ್ತೆ, ಅದಕ್ಕೂ ತುಕ್ಕು. ಮೀನಣ್ಣಂದು ತುಂಡಾಗಿದ್ದು ಅಲ್ಲೇ."

"ಎಳೆದು ನೋಡಿದ್ದೀನಿ. ಗಟ್ಟಿಯಾಗಿದೆ."

"ತುಂಡಾಗೋ ಹಿಂದಿನ ದಿನ ಮೀನಣ್ಣನೂ ಎಳೆದಿದ್ದನಂತೆ."

ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ದಪ್ಪ ಕೊಂಡಿ ನೇತಾಡುತ್ತಿತ್ತು. ಸರಪಳಿ ಕೊಂಡ ವರ್ಷ ಮಿಕ್ಕಿದ್ದು, ಈಗ ಬೀಗದ ಕೈ ಸಿಕ್ಕಿಸಲು. ಕಿಡಿ ಅದನ್ನು ಇಳಿಸಿ ದಪ್ಪ ಅಳೆದಳು. ಬಿಸ್ಕತ್ತು ಡಬ್ಬದ ತಗಡಿನ ಮುಚ್ಚಳದ ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಮಾಡಿದಳು. ಕೊಂಡಿಯ ದಪ್ಪ ನಾಲ್ಕು ಪಾಲಾದರೆ ಕಚ್ಚಿನ ಅಗಲ ಮೂರು ಪಾಲು.

"ಹೊಸ ಕೊಂಡಿ ಈ ಕಚ್ಚಿನೊಳಗೆ ಹೋಗಲ್ಲ, ನೋಡಿ. ಹೋಗೋ ಅಷ್ಟು ಸವೆದಿದ್ರೆ ಆ ಸರಪಳಿ ಬೇಡ. ನಮ್ಮ ಅಂಗಡೀಲಿ ಇದೇ ಅಳತೆ. ನಾಳೆ ಎತ್ತೋಣ್ವಾ?"

"ನೋಡೋಣ ಬಿಡು. ನಾನೇ ಎತ್ತಿ ನೋಡ್ತೀನಿ. ಗಾಳಿ ದಿನ ಬರೋದರೊಳಗೆ."

ಅತ್ತೆ ಮಡಚಿದ ಬಟ್ಟೆಯನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದರು.

"ಹೋದ ವರ್ಷ ನನಗೂ ಇದೇ ಮಾತು ಕೊಟ್ಟಿದ್ರಿ. ಎತ್ತೋಕೆ ಹೋಗಿ, ಅಂಗೈ ಸುಲಿಸಿಕೊಂಡು ಬಂದ್ರಿ. ಹಗ್ಗ ಜಾರಿತು ಅಂದ್ರಿ. ನಾನೂ ಹೌದು ಅಂದೆ."

ಮಾವ ತಮ್ಮ ಅಂಗೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡರು. ಕಿಡಿಗೆ ಆಗ ತಿಳಿಯಿತು. ಸಿಹಿನೀರಿನ ಮಾತು ಬರೀ ನೆಪ, ಮಾವನ ಕೈಯಲ್ಲಿ ಈಗ ಸರಪಳಿ ಎತ್ತಲು ಆಗುತ್ತಿರಲಿಲ್ಲ.

"ನಲವತ್ತು ವರ್ಷ ಒಬ್ಬನೇ ಎತ್ತಿದ್ದೀನಿ," ಎಂದರು ಮಾವ. "ಈಗ ನಾಲ್ಕು ಜನಾನ ಕರೆದ್ರೆ, ದೋಣಿಮಾವನ ಕೈ ಸೋತಿದೆ ಅಂತಾರೆ. ಆಮೇಲೆ ನನ್ನ ದೋಣಿ ಯಾರು ಹತ್ತುತ್ತಾರೆ?"

"ಯಾರು ಹತ್ತದಿದ್ರೂ ನಾನು ಹತ್ತುತ್ತೀನಿ ರೀ," ಎಂದರು ಅತ್ತೆ. "ದಿನಾ ಅದರಲ್ಲಿ ಕಣ್ಣು ಮುಚ್ಚೋಳು ನಾನಲ್ವಾ? ನಾನು ನಂಬಿ ಮಲಗೋದು ನಿಮ್ಮನ್ನ. ನೀವು ಸರಪಳೀನ ನಂಬಿ ದಡಕ್ಕೆ ಬರ್ತೀರಿ. ಹುಟ್ಟು ಕಳೆದುಹೋಗುತ್ತೆ ಅಂತ ಹೊತ್ತು ತರ್ತೀರಿ, ನನ್ನ ಬಿಟ್ಟು ಬರ್ತೀರಿ."

ತಮಾಷೆಯ ದನಿಯಲ್ಲೇ ಹೇಳಿದರು. ಮಾವ ಮಾತ್ರ ನಗಲಿಲ್ಲ. "ಮೀನಣ್ಣ ಮನೇಲಿದ್ದಾನಾ ನೋಡು, ಕಿಡಿ," ಎಂದರು.

ಮರುದಿನ ಬೆಳಿಗ್ಗೆ, ಗಾಳಿ ಏಳುವ ಮೊದಲು, ಮಾವ, ಕಿಡಿ, ಮೀನಣ್ಣ ಮೂವರೂ ಮಾವನ ಮನೆಯ ಲೈಫ್ ಜಾಕೆಟ್ ತೊಟ್ಟು ಹೊರಟರು. ಮೀನಣ್ಣನ ದೋಣಿ, ಮಾವನ ದೊಡ್ಡ ದೋಣಿ ಎರಡನ್ನೂ ಜೋಡಿಸಿ ಮೇಲೆ ಅಡ್ಡಲಾಗಿ ಗಟ್ಟಿ ತೊಲೆ ಕಟ್ಟಿದರು. ಅಂಗಡಿಯಲ್ಲಿ ಭಾರ ಎತ್ತುವ ಚೈನ್ ಪುಲ್ಲಿಯನ್ನು ಕಿಡಿ ತೊಲೆಗೆ ನೇತುಹಾಕಿದಳು. ತೋಳಿನ ಬಲ ಬೇಕಾಗಲೇ ಇಲ್ಲ. ಮಾವ ಕೂತಲ್ಲೇ ಪುಲ್ಲಿ ಎಳೆದರು, ಸರಪಳಿ ಕೊಂಡಿ ಕೊಂಡಿಯಾಗಿ ಬಂತು.

"ಈ ಯಂತ್ರ ನಿನ್ನ ಹತ್ತಿರ ಎಷ್ಟು ದಿನದಿಂದ ಇದೆ?"

"ಮೂರು ವರ್ಷ, ಮಾವ."

"ಹೇಳಬಾರದಾಗಿತ್ತಾ?"

"ನೀವು ಕೇಳಬಾರದಾಗಿತ್ತಾ?"

ಬಣ್ಣದ ಕೊಂಡಿಗಳು ಬಂದವು. ಕಚ್ಚಿನೊಳಗೆ ಹೋಗಲಿಲ್ಲ. ಮಾವನ ಮುಖ ಅರಳಿತು. ಆಮೇಲೆ ಕೆಸರು ಮೆತ್ತಿದ ಕೊಂಡಿಗಳು ಬಂದವು, ಅವುಗಳ ಜೊತೆಗೆ ಸುತ್ತಿಕೊಂಡ ಹಸಿರು ಬಲೆಹಗ್ಗದ ಒಂದು ದೊಡ್ಡ ಗಂಟು. ಮೀನಣ್ಣ ತಲೆ ತಗ್ಗಿಸಿದ.

"ಅದು ನಂದೇ. ಆಚೆ ವರ್ಷ ಬಲೆ ಸಿಕ್ಕಿಹಾಕಿಕೊಂಡಿತ್ತು. ಕತ್ತರಿಸಿ ಬಿಟ್ಟುಬಿಟ್ಟೆ. ಹೇಳಿದ್ರೆ ಬೈತೀರಿ ಅಂತ ಸುಮ್ಮನಿದ್ದೆ."

ಗಂಟಿನೊಳಗೆ ಮರಳು, ಕೆಸರು ತುಂಬಿತ್ತು. ಬಿಡಿಸಿದರು. ಅದರಡಿಯ ಕೊಂಡಿಯನ್ನು ಕಿಡಿ ಒರೆಸಿ ತಗಡು ಹಿಡಿದಳು. ಕೊಂಡಿ ಕಚ್ಚಿನೊಳಗೆ ಸಲೀಸಾಗಿ ಹೋಯಿತು, ಇನ್ನೂ ಜಾಗ ಉಳಿಯಿತು. ಹೆಬ್ಬೆರಳಿನ ದಪ್ಪವಿದ್ದ ಕಬ್ಬಿಣ ಪೆನ್ಸಿಲಿನಷ್ಟಾಗಿತ್ತು.

ಮಾವ ದೋಣಿಯ ಮೂಲೆಯಲ್ಲಿದ್ದ ಅತ್ತೆಯ ದಿಂಬನ್ನೇ ನೋಡುತ್ತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ದೋಣಿಯ ಸರಪಳಿಯೂ ಹೀಗೇ ನೀರಿನಡಿ ಇದೆಯಲ್ಲವೇ? ವರ್ಷಕ್ಕೊಮ್ಮೆ, ಗಾಳಿ ಏಳದ ಒಂದು ಬೆಳಿಗ್ಗೆ, ಅದನ್ನು ಪೂರ್ತಿ ಎತ್ತಿ ನೋಡಿ. ಕಣ್ಣಿಗೆ ಕಾಣುವ ತುದಿಯನ್ನು ನಂಬಬೇಡಿ. ಹೊಸ ಸರಪಳಿ ಕೊಂಡಾಗ ಒಂದು ಕೊಂಡಿ ಮನೆಯಲ್ಲಿಟ್ಟುಕೊಳ್ಳಿ, ಅಳತೆಗೆ ಬೇಕಾಗುತ್ತದೆ. ಹುಟ್ಟಿಗೆ ದಾರ ಕಟ್ಟಿ ದೋಣಿಯಲ್ಲೇ ಬಿಡಿ. ಹಗ್ಗವೋ ಬಲೆಯೋ ನೀರಿಗೆ ಬಿದ್ದರೆ ಮುಚ್ಚಿಡದೆ ಅಕ್ಕಪಕ್ಕದವರಿಗೆ ಹೇಳಿ, ಕೂಡಿ ಹುಡುಕಿ ತೆಗೆಯಿರಿ. ಒಬ್ಬರಿಂದ ಎತ್ತಲು ಆಗದಿದ್ದರೆ ಕರೆಯಿರಿ. ಕರೆಯುವುದಕ್ಕೆ ನಾಚಿಕೆ ಯಾಕೆ?

ಆ ಬೆಳಿಗ್ಗೆಯೇ ಹಳೆಯ ಸರಪಳಿ ಕಲ್ಲಿನ ಸಮೇತ ದಡ ಸೇರಿತು. ಹೊಸದು ಬರುವವರೆಗೆ ಮೂರು ದಿನ ಅತ್ತೆ ಮಧ್ಯಾಹ್ನ ನಿದ್ದೆ ಮಾಡಲಿಲ್ಲ. ಅಂಗಳದಲ್ಲಿ ಕೂತು ಹುಟ್ಟುಗಳಿಗೆ ಕಟ್ಟಲು ದಾರ ಹೆಣೆದರು.

ನಾಲ್ಕನೆಯ ದಿನ ಅದೇ ಕಲ್ಲಿಗೆ ಸೇರಿಸಿದ ಹೊಸ ಸರಪಳಿ ಕೊಂಡಿ ಕೊಂಡಿಯಾಗಿ ನೀರಿಗೆ ಇಳಿಯಿತು. ಡ್ರಮ್ಮಿನ ಬಳಿಯ ಕೊನೆಯ ಬೋಲ್ಟನ್ನು ಮಾವ ತಾವೇ ಬಿಗಿದರು, ಬಿಚ್ಚಿಕೊಳ್ಳದಂತೆ ಅದಕ್ಕೆ ತಂತಿ ಸುತ್ತಿದರು. ಹೆಣೆದ ದಾರದ ತುದಿಯಲ್ಲಿ ಎರಡು ಹುಟ್ಟುಗಳೂ ದೋಣಿಯಲ್ಲೇ ಇದ್ದವು. ಅತ್ತೆ ಆಗಲೇ ದಿಂಬಿಗೆ ತಲೆಯಿಟ್ಟಿದ್ದರು.

"ಮಾತು ಕೊಟ್ಟ ಹಾಗೆ ಎತ್ತಿ ನೋಡಿದೆ ಕಣೇ," ಎಂದರು ಮಾವ.

"ಹ್ಞೂಂ," ಎಂದರು ಅತ್ತೆ, ಅರೆನಿದ್ದೆಯಲ್ಲಿ.