ಕರ್ನಲ್ ತಂದ ತಿಮಿಂಗಿಲದ ಹಲ್ಲು

ನನ್ನ ಗಂಡ ಎಮೋರಿ ಸತ್ತದ್ದು ಇರಾಕಿನ ಒಂದು ಹೆದ್ದಾರಿಯಲ್ಲಿ, ಸರಕು ಟ್ರಕ್ಕುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ. ಹದಿನಾರು ವರ್ಷ ಫಿಜಿ ಸೈನ್ಯದಲ್ಲಿದ್ದವನು, ಶಾಂತಿಪಾಲನೆಗೆ ಲೆಬನಾನ್, ಸಿನಾಯ್ ಎಲ್ಲ ಹೋಗಿ ಬಂದವನು. ಅವನನ್ನು ಸೈನ್ಯ ಬಿಡಿಸಿ ಕರೆದುಕೊಂಡು ಹೋದವರು ಅವನ ಹಳೆಯ ಮೇಲಧಿಕಾರಿ ಕರ್ನಲ್ ಕಿತಿಯೋನೆ. ನಿವೃತ್ತರಾದ ಮೇಲೆ ಅವರು ಒಂದು ಖಾಸಗಿ ಕಾವಲು ಕಂಪನಿಯ ಕುವೈತ್ ಕಚೇರಿಯಲ್ಲಿದ್ದರು.

ಸಾಯುವ ಹಿಂದಿನ ದಿನ ಎಮೋರಿ ಫೋನ್ ಮಾಡಿದ್ದ.

"ಆ ರಸ್ತೆನ ಅಮೆರಿಕದ ಸೈನ್ಯದವ್ರೇ ಮುಚ್ಚಿದ್ದಾರೆ ಕಣೇ. ನಾವು ಹೋಗಲ್ಲ ಅಂದ್ವಿ. ಕರ್ನಲ್ ಸಾಹೇಬ್ರು ಹೋಗ್ಲೇಬೇಕು ಅಂದ್ರು. ಇಲ್ದಿದ್ರೆ ಊರಿಗೆ ಟಿಕೆಟ್ಟಂತೆ."

"ಹಂಗಾದ್ರೆ ಟಿಕೆಟ್ ಇಸ್ಕೊಂಡು ಬಾ."

"ಬಂದು? ನೀನು ಬೇಯಿಸೋ ಮರಗೆಣಸು ತಿನ್ಕೊಂಡು ಕೂತಿರ್ಲಾ?" ಅಂತ ನಕ್ಕ. ಅಷ್ಟೇ ಮಾತು.

ಎಮೋರಿ ತನ್ನದೇ ಅಜಾಗರೂಕತೆಯಿಂದ ತಪ್ಪು ರಸ್ತೆ ಹಿಡಿದ ಅಂತ ಕಂಪನಿ ಕಾಗದ ಕಳಿಸಿತು. ಅವನನ್ನು ಆ ರಸ್ತೆಗೆ ಕಳಿಸಿದ್ದು ಯಾರು ಅಂತ ಹದಿನಾಲ್ಕು ತಿಂಗಳು ಕೇಳಿಕೊಂಡು ತಿರುಗಿದೆ. ರಾಜೀನಾಮೆ ಕೊಟ್ಟು ಹೋದವನು, ಈಗ ನಮ್ಮವನಲ್ಲ ಅಂದಿತು ಸೈನ್ಯ. ಒಪ್ಪಂದಕ್ಕೆ ಸಹಿ ಬಿದ್ದದ್ದು ಕುವೈತಿನಲ್ಲಿ, ಅಲ್ಲೇ ವಿಚಾರಿಸಿ ಅಂದರು ಕಾರ್ಮಿಕ ಇಲಾಖೆಯವರು. ರಾಜಧಾನಿ ಸುವಾದಲ್ಲಿದ್ದ ಕಂಪನಿ ಕಚೇರಿಯ ಹುಡುಗಿ, "ನಾವು ಬರೀ ಅರ್ಜಿ ತುಂಬಿಸ್ಕೊಳ್ಳೋರು ಅಕ್ಕಾ" ಅಂದಳು. ಪಾಪ, ಅವಳ ಮಾತು ನಿಜವೇ ಇದ್ದೀತು.

ಕೊನೆಗೆ, ಯುದ್ಧದ ನಾಡಿಗೆ ಗಂಡಸರನ್ನು ಕಳಿಸುವ ಕಂಪನಿಗಳ ವಿಚಾರಣೆಗೆ ಸಂಸತ್ತು ಒಂದು ಸಮಿತಿ ಮಾಡಿತು. ನೌಸೋರಿಯ ವಕೀಲೆ ತಿತಿಲಿಯಾ ನನ್ನ ಹೆಸರನ್ನು ಸಾಕ್ಷಿಗಳ ಪಟ್ಟಿಗೆ ಸೇರಿಸಿದಳು. ಮಂಗಳವಾರ ನಾನು ಮಾತಾಡಬೇಕಿತ್ತು.

ಶನಿವಾರ ಮಧ್ಯಾಹ್ನ ಕರ್ನಲ್ ನಮ್ಮ ಊರಿಗೆ ಬಂದರು. ಎರಡು ವ್ಯಾನು, ಹತ್ತು ಜನ, ಚಾಪೆಗಳು, ಒಂದು ಪೀಪಾಯಿ ಸೀಮೆಎಣ್ಣೆ, ಕೆಂಪು ಹುರಿ ಕಟ್ಟಿದ ದೊಡ್ಡ ತಿಮಿಂಗಿಲದ ಹಲ್ಲು. ಸೊರೊಗೆ ಬಂದಿದ್ದರು. ತಪ್ಪು ಮಾಡಿದವನು ನೊಂದವರ ಮನೆಯಲ್ಲಿ ತಲೆ ತಗ್ಗಿಸಿ ಕೂತು ಹಲ್ಲನ್ನು ಒಪ್ಪಿಸುವುದು ನಮ್ಮಲ್ಲಿ ಸೊರೊ. ಮನೆಯವರು ಅದನ್ನು ತೆಗೆದುಕೊಂಡರೆ ಮುಗಿಯಿತು, ವಿಷಯ ಮಣ್ಣಿಗೆ ಸೇರಿತು. ಆಮೇಲೆ ಯಾರೂ ಅದನ್ನು ಎತ್ತಬಾರದು.

ಎಮೋರಿಯ ಅಣ್ಣ ನೆತಾನಿ ನಮ್ಮ ಕುಲದ ಹಿರಿಯ. ದೊಡ್ಡಮನೆಯಲ್ಲಿ ಅವನೇ ಹಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನಾನು ಬಾಗಿಲ ಹತ್ತಿರ ಹೆಂಗಸರ ನಡುವೆ ಕೂತಿದ್ದೆ. ಅಷ್ಟೆತ್ತರದ ಕರ್ನಲ್ ನೆಲಕ್ಕೆ ಬಾಗಿದ್ದನ್ನು ಕಂಡು ನನಗೆ ಅಳು ತಡೆಯಲಾಗಲಿಲ್ಲ. ಅಬ್ಬಾ, ಕೊನೆಗೂ ಒಬ್ಬ ಒಪ್ಪಿಕೊಂಡ ಅನ್ನಿಸಿತು. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನನ್ನು ನಾನೇ ಬಡಿಸಿದೆ. ಅವರು ನನ್ನ ಕೈ ಹಿಡಿದು, "ಎಮೋರಿ ನನ್ನ ತಮ್ಮನಿದ್ದಂಗೆ ಕಣಮ್ಮ" ಅಂದರು.

ಸೋಮವಾರ ತಿತಿಲಿಯಾ ಟ್ಯಾಕ್ಸಿಗೂ ಕಾಯದೆ ಬಸ್ಸಿಳಿದು ನಡೆದೇ ಬಂದಳು. ಕೈಯಲ್ಲೊಂದು ಕಾಗದದ ನಕಲಿತ್ತು. ಕುಟುಂಬದವರು ಸಂಪ್ರದಾಯದಂತೆ ವಿಷಯ ಮುಗಿಸಿಕೊಂಡಿದ್ದಾರೆ, ವಿಧವೆಯನ್ನು ಸಾಕ್ಷಿಗೆ ಕರೆಯಬಾರದು ಅಂತ ಸಮಿತಿಗೆ ಬರೆದ ಪತ್ರ. ಕೆಳಗೆ ನೆತಾನಿಯ ಸಹಿ.

"ತಾರೀಖು ನೋಡಿ," ಅಂದಳು.

ಬುಧವಾರದ್ದು. ಕರ್ನಲ್ ಬರುವುದಕ್ಕೆ ಮೂರು ದಿನ ಮುಂಚಿನದ್ದು.

"ಇನ್ನೊಂದಿದೆ. ಇವತ್ತಿನ ಪತ್ರಿಕೇಲಿ ಕರ್ನಲ್ ಹೇಳಿದ್ದಾರೆ, ತಾವು ಹೋಗಿದ್ದು ಸಂತಾಪ ಹೇಳೋಕಂತೆ. ತಪ್ಪೊಪ್ಪಿಗೆ ಏನೂ ಇಲ್ವಂತೆ."

ನೆತಾನಿ ಗೆಣಸಿನ ತೋಟದಲ್ಲಿದ್ದ. ನಾನು ಓಡಿಕೊಂಡೇ ಹೋದೆ.

"ಭಾವ, ಬುಧವಾರಾನೇ ಸಹಿ ಹಾಕಿದ್ಯಾ?"

ಅವನು ಗುದ್ದಲಿ ಕೆಳಗಿಡಲಿಲ್ಲ. "ಕೆಲಸಕ್ಕೆ ಕಳಿಸೋ ಕರ್ನಲ್ ಪಟ್ಟೀಲಿ ಊರಿನ ಹನ್ನೊಂದು ಜನರ ಹೆಸರಿದೆ. ನೀನು ಬಾಯಿ ಬಿಟ್ರೆ ಅಷ್ಟೂ ಮನೆ ಒಲೆ ಆರುತ್ತೆ. ಎಮೋರಿ ಏನು ಎದ್ದು ಬರ್ತಾನಾ?"

"ಅವನು ನಿನ್ನ ಬೆನ್ನ ಹಿಂದೆ ಹುಟ್ಟಿದವನು!"

"ಅದಕ್ಕೇ ಕಣಮ್ಮ, ತೀರ್ಮಾನ ಮಾಡೋ ಹಕ್ಕು ನಂದು. ಸೊರೊ ಆಗಿದೆ. ಇನ್ನು ಮಾತಾಡಿದ್ರೆ ನೀನು ಕುಲದ ಮುಖಕ್ಕೆ ಉಗಿದಂಗೆ."

ಕರ್ನಲ್‌ಗೆ ನಾನೇ ಬಡಿಸಿದ ಮೀನು ನೆನಪಾಯಿತು. ಹಿಂದಿನ ದಿನ ಚರ್ಚಿನಲ್ಲಿ ಆ ಮನುಷ್ಯನಿಗಾಗಿ ಪ್ರಾರ್ಥನೆ ಬೇರೆ ಮಾಡಿದ್ದೆ.

ಮಂಗಳವಾರ ಹೋದೆ. ಸಮಿತಿಯ ಅಧ್ಯಕ್ಷೆ ಬಿಳಿಗೂದಲ ಹೆಂಗಸು. ಪತ್ರ ಓದಿ, "ನಿಮ್ಮ ಹಿರಿಯರೇ ಮುಗಿದಿದೆ ಅಂತಿದ್ದಾರಲ್ಲಮ್ಮ, ನಾವೇನು ಮಾಡೋದು?" ಅಂದರು. ಎದುರು ಸಾಲಿನಲ್ಲಿ ಕರ್ನಲ್, ಪಕ್ಕದಲ್ಲಿ ನೆತಾನಿ. ಇಬ್ಬರೂ ಒಂದೇ ವ್ಯಾನಿನಲ್ಲಿ ಬಂದಿದ್ದರು.

"ಒಂದೇ ಒಂದು ಪ್ರಶ್ನೆ ಕೇಳ್ಬೋದಾ?" ಅಂದೆ. ತಲೆಯಾಡಿಸಿದರು.

"ಕರ್ನಲ್ ಸಾಹೇಬ್ರೇ, ಶನಿವಾರ ನಮ್ಮ ಮನೇಲಿ ಏನಂತ ತಲೆ ತಗ್ಗಿಸಿದ್ರಿ?"

"ಸಂತಾಪಕ್ಕೆ," ಅಂದರು ಮೆಲ್ಲಗೆ. "ಸತ್ತವನ ಮೇಲಿನ ಗೌರವಕ್ಕೆ."

"ಭಾವ, ನೀನು ಹೇಳು. ನೀನು ತಗೊಂಡಿದ್ದು ಸಂತಾಪದ ಹಲ್ಲೋ, ಕ್ಷಮೆಯ ಹಲ್ಲೋ? ಕ್ಷಮೆಯದ್ದಾದ್ರೆ ಇವ್ರು ತಪ್ಪು ಒಪ್ಕೊಂಡಿದ್ದಾರೆ. ಸಂತಾಪದ್ದಾದ್ರೆ ಯಾವ್ದೂ ಮುಗಿದಿಲ್ಲ, ನಾನು ಮಾತಾಡ್ಬೋದು."

ನೆತಾನಿ ಕರ್ನಲ್ ಮುಖ ನೋಡಿದ. ಕರ್ನಲ್ ಕಿಟಕಿ ಕಡೆ ನೋಡುತ್ತಿದ್ದರು. ಒಂದು ಸಲ, ಒಂದೇ ಸಲ ತಮ್ಮನ ಪರ ನಿಲ್ಲುತ್ತಾನೆ ಅಂತ ನನಗೆ ಆಗಲೂ ಆಸೆಯಿತ್ತು.

"ಸಂತಾಪದ್ದು," ಅಂದ ನೆತಾನಿ.

ತಮ್ಮನ ಸಾವಿಗೆ ಯಾರ ತಪ್ಪೂ ಇಲ್ಲ ಅಂತ ಅವನು ತನ್ನ ಬಾಯಾರೆ ಹೇಳಿದ ಹಾಗಾಯಿತು. ನನ್ನ ಬಾಯಿ ಬಿಚ್ಚಿದ್ದೂ ಆ ಮಾತೇ. ಫೋನಿನಲ್ಲಿ ಎಮೋರಿ ಆಡಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಗುಮಾಸ್ತ ಬರೆದುಕೊಂಡ. ಕುವೈತ್ ಕಚೇರಿಯ ಆದೇಶಗಳ ಪ್ರತಿ ಒದಗಿಸಿ ಅಂತ ಅಧ್ಯಕ್ಷೆ ಕರ್ನಲ್‌ಗೆ ಹೇಳಿದರು. ಆರು ವಾರ ಗಡುವು ಕೊಟ್ಟರು.

ಆರು ವಾರ ತುಂಬುವ ಮೊದಲೇ, ಡಿಸೆಂಬರಿನಲ್ಲಿ, ಸೈನ್ಯ ಸರ್ಕಾರವನ್ನು ಕಿತ್ತುಹಾಕಿತು. ಸಂಸತ್ತೂ ಇಲ್ಲ, ಸಮಿತಿಯೂ ಇಲ್ಲ. ನನ್ನ ಹೇಳಿಕೆ ಯಾವ ಬೀರುವಿನಲ್ಲಿದೆಯೋ ತಿತಿಲಿಯಾಗೂ ಗೊತ್ತಾಗಲಿಲ್ಲ. ಸುವಾದ ಕರ್ನಲ್ ಕಂಪನಿ ಕಚೇರಿ ಬಾಗಿಲು ಹಾಕಿತು. ಮೂರೇ ತಿಂಗಳಿಗೆ ಅದೇ ಕಟ್ಟಡದಲ್ಲಿ ಬೇರೆ ಹೆಸರಿನ ಫಲಕ ಬಂತು.

ಊರಿನಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಹೆಂಗಸರು ಚಾಪೆ ಹೆಣೆಯಲು ಕೂತಾಗ ನನ್ನನ್ನು ಕರೆಯುವುದನ್ನು ಬಿಟ್ಟರು, ಅಷ್ಟೇ. ಮಾರ್ಚಿನಲ್ಲಿ ಆ ಹನ್ನೊಂದು ಜನರಲ್ಲಿ ಒಂಬತ್ತು ಜನ ಆ ಹೊಸ ಹೆಸರಿನ ಕಂಪನಿಯ ಕೆಲಸಕ್ಕೆ ನಾಂದಿ ವಿಮಾನ ನಿಲ್ದಾಣದಿಂದ ಹೊರಟರು. ಅವರ ಕಾಗದಗಳಿಗೆ ಸಾಕ್ಷಿ ಸಹಿ ಹಾಕಿದವನು ನೆತಾನಿ. ಬಸ್ಸಿನ ಹತ್ತಿರ ಪ್ರಾರ್ಥನೆ ಹೇಳಿದವನೂ ಅವನೇ. ನಾನು ರಸ್ತೆಯ ಈಚೆ ನಿಂತು ಒಂಬತ್ತು ಮುಖವನ್ನೂ ಒಂದೊಂದಾಗಿ ನೋಡಿಕೊಂಡೆ. ಅವರಲ್ಲಿ ಇಬ್ಬರು ನನಗೆ ಕೈ ಬೀಸಿದರು.