ಅವ್ವನ ಕೈ ನಿಂತ ಸಾಲು

ಪಟಪಟ, ಪಟಪಟ — ಅವ್ವನ ಕೈ ಓಡುತ್ತಿದೆ, ಜೋಳದ ರೊಟ್ಟಿ ಅಂಗೈ ಕೆಳಗೆ ಅಗಲವಾಗುತ್ತಿದೆ, ಕೈ ಓಡುವವರೆಗೆ ಓದಿದ ವಾಕ್ಯ ಸರಿಯಿದೆ, ನಿಂತರೆ ಎಲ್ಲೋ ಎಡವಟ್ಟಾಗಿದೆ, ಎಪ್ಪತ್ತೆರಡನೆಯ ಇಸವಿಯಿಂದ ಈ ಎರಡು ವರ್ಷ ಭೀಮಶ್ಯಾ ಮಾಸ್ತರನಿಗೆ ಇದೇ ಪರೀಕ್ಷೆ, ವಿಜಾಪುರದ ಪಾದ್ರಿಯವರು ಕೂಡಿಸಿಕೊಂಡು ಕಲಿಸಿದ ಬೈಬಲ್ಲಿನ ಹಳೆಯ ಗ್ರೀಕ್, ಅದನ್ನು ಕನ್ನಡಕ್ಕೆ ತರುವ ಕೆಲಸ, ಓದು ಬಾರದವರಿಗೂ ತಿಳೀಬೇಕ್ರಿ ಮಾಸ್ತರ, ಎಂದಿದ್ದರು ಅವರು, ಓದು ಬಾರದವಳು ಮನೆಯಲ್ಲೇ ಇದ್ದಾಳಲ್ಲ, ಅವ್ವ ಯಲ್ಲವ್ವ, ಒಲೆಯ ಮುಂದೆ, ಹತ್ತರ ಬಸ್ಸಿಗೆ ಈ ಪುಟ ಪಾದ್ರಿಯವರಿಗೆ ಹೋಗಲೇಬೇಕು — ಗ್ರೀಕ್ ಬೆರಕಿ ಭಾಷೆ, ಭಾರಿ ಚಾಲಾಕಿ, ಮೊದಲು ಹೆಸರು ಹೇಳುತ್ತದೆ, ಆಮೇಲೆ ಅದನ್ನೇ ಬೆರಳು ಮಾಡಿ ತೋರಿಸುವ ಪುಟ್ಟ ಪದವೊಂದನ್ನು, ನಮ್ಮ ‘ಯಾವ’ ಇದ್ದ ಹಾಗೆ, ಇಡುತ್ತದೆ, ಆ ಪದಕ್ಕೆ ಲಿಂಗ, ವಚನ ಹಿಂದಿನ ಹೆಸರಿನವು, ವಿಭಕ್ತಿ ಮಾತ್ರ ಮುಂದಿನ ವಾಕ್ಯದಲ್ಲಿ ಅದು ಮಾಡುವ ಕೆಲಸದ್ದು, ತಂಗಿ ಸಾವಿತ್ರವ್ವನ ಹಾಗೆ, ಮುಖ ತವರಿನದು, ದುಡಿಮೆ ಇಂಡಿ ಊರಿನ ಅತ್ತೆಮನೆಯದು, ಕೆಲವೊಮ್ಮೆ ತನ್ನ ಕೆಲಸ ಮರೆತು ಹಿಂದಿನ ಹೆಸರಿನ ವಿಭಕ್ತಿಯನ್ನೇ ತೊಟ್ಟು ಕೂತುಬಿಡುತ್ತದೆ, ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಸಾವಿತ್ರವ್ವನೂ ಹಾಗೇ, ಒಂದು ಕಡ್ಡಿ ಎತ್ತಿಡುವುದಿಲ್ಲ, ಅವನಿಗೆ ನಗು ಬರುತ್ತದೆ — ಈ ಪುಟದ ನೀರಿನ ವಾಕ್ಯದಲ್ಲೂ ಅದೇ ಆಗಿತ್ತು, ನಿನ್ನೆ ಗ್ರೀಕನ್ನೇ ಹಿಡಿದುಕೊಂಡು ಯಾವ ನೀರನ್ನು ನಾನು ಕೊಡುವೆನೋ ಆ ನೀರನ್ನು ಯಾವನು ಕುಡಿಯುವನೋ ಎಂದು ಓದಿದ್ದ, ಕೈ ನಿಂತಿತ್ತು, ಏನ ಯಾವ ಯಾವ ಅಂತೀಯೋ, ನೀರ ಕೊಡಾಂವ ಯಾರು, ಕುಡ್ಯಾಂವ ಯಾರು, ಅಂದಿದ್ದಳು ಅವ್ವ, ಆಗ ಅವನಿಗೆ ಹೊಳೆದಿತ್ತು, ಕನ್ನಡಕ್ಕೆ ಆ ಪುಟ್ಟ ಪದ ಬೇಕೇ ಇಲ್ಲ, ಇಡೀ ಮಾತು ಹೆಸರಿನ ಮುಂದೆ ಬಂದು ಕೂತರೆ ಮುಗಿಯಿತು, ನಾನು ಕೊಡುವ ನೀರು, ಎಷ್ಟು ಹಗುರ, ಇವತ್ತು ಹಾಗೆ ಓದಿದ, ಪಟಪಟ, ನಿಲ್ಲಲಿಲ್ಲ, ಅವನಿಗೆ ಖುಷಿಯೋ ಖುಷಿ, ಇನ್ನು ಇಡೀ ಪುಟವನ್ನು ಮೊದಲಿನಿಂದ ಒಮ್ಮೆ ಓದಿಬಿಟ್ಟರಾಯಿತು.

ಪರವೂರಿನವನೊಬ್ಬ ದಣಿದು ಬಾವಿಕಟ್ಟೆಯ ಮೇಲೆ ಕೂತಿದ್ದಾನೆ, ಪಟಪಟ, ಕೊಡ ಹೊತ್ತು ಒಬ್ಬಳು ಬರುತ್ತಾಳೆ, ಅವನ ಜನ ಮುಟ್ಟದ ಜನದವಳು, ಪಟಪಟ, ಕುಡಿಯಲು ನೀರು ಕೊಡು ಎಂದು ಅವಳನ್ನು ಕೇಳುತ್ತಾನೆ, ಪಟ — ಕೈ ನಿಂತಿತು. ಇಲ್ಲಿ ಆ ಪುಟ್ಟ ಪದವೇ ಇಲ್ಲವಲ್ಲ, ಇದಕ್ಕಿಂತ ಸರಳ ಮಾತು ಯಾವುದಿದೆ, ತಪ್ಪೆಲ್ಲಿ, ಬಸ್ಸಿಗೆ ಇನ್ನೊಂದೇ ತಾಸು, ಯವ್ವಾ, ತಿಳೀಲಿಲ್ಲೇನು, ತಿಳೀತೋ, ಎಂದಳು ಅವ್ವ, ಆಕಿ ಕೈಯಾಗಿನ ನೀರ ಕೇಳಿದ್ನಾ ಅಂವಾ, ಹೌದವ್ವ — ಊರ ಬಾವಿಯ ಕಟ್ಟೆ ಮಾಸ್ತರನಿಗೂ ಗೊತ್ತು, ಕೊಡ ಕೆಳಗಿಟ್ಟು ದೂರ ನಿಲ್ಲುತ್ತಿದ್ದಳು ಅವ್ವ, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯುವವರೆಗೆ, ಅವಳ ಸೆರಗು ಹಿಡಿದು ತಾನು, ಆ ಕೈಯಿಂದ ನೀರು ಕೇಳಿದವರು ಊರಲ್ಲಿ ಒಬ್ಬರೂ ಇರಲಿಲ್ಲ — ಮತ್ತ ಕುಡದ್ನೇನೋ, ಅವ್ವ ಕೇಳುತ್ತಿದ್ದಾಳೆ, ಆಕಿ ಕೊಟ್ಟಳೇನು, ಅಂವಾ ಕುಡದ್ನೇನು, ಅವನು ಪುಟ ತಿರುವುತ್ತಾನೆ, ಗ್ರೀಕಿನ ಸಾಲುಗಳ ಮೇಲೆ ಬೆರಳಾಡಿಸುತ್ತಾನೆ, ಮಾತು ಮುಂದಕ್ಕೆ ಹೋಗಿಬಿಟ್ಟಿದೆ, ಕುಡಿದನೆಂದು ಎಲ್ಲೂ ಬರೆದಿಲ್ಲ, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದೆ, ಕೈ ಎತ್ತಿದ್ದು ಎತ್ತಿದಂತೆಯೇ ಇದೆ, ಹಿಟ್ಟು ಮೆತ್ತಿದ ಕೈ, ಅವ್ವನ ಕೈ